ಪೆಟ್ಟಿನ ಮೊದಲ ಸಾಕ್ಷಿ

ನರಗುಂದ ತಾಲೂಕಿನ ಶಿರೋಳ ಗ್ರಾಮವನ್ನು ಪರಸ್ಥಳದವರು ಬಲ್ಲದ್ದು ಬಹುಮಟ್ಟಿಗೆ ತೋಂಟದಾರ್ಯ ಮಠದ ರೊಟ್ಟಿ ಜಾತ್ರೆಯ ಮೂಲಕ. ಜಾತ್ರೆಯಾದರೋ ವರ್ಷಕ್ಕೊಮ್ಮೆ ಬರತಕ್ಕದ್ದು. ಊರಿನ ಮಕ್ಕಳ ಆಟಕ್ಕೆ ಅಂತಹ ತಿಥಿನಿಯಮವಿಲ್ಲ. ಜೋಳ, ಕಡಲೆ, ಹತ್ತಿಗಳನ್ನು ಧಾರಾಳವಾಗಿ ಕೊಡುವ ಈ ಸೀಮೆಯ ಎರೆಭೂಮಿಯು ಮಳೆಗಾಲದಲ್ಲಿ ಕಿತ್ತಿಟ್ಟ ಹೆಜ್ಜೆಗೆ ಅಂಟಿಕೊಂಡು ಬರುವ ಕೆಸರಾಗಿಯೂ, ಬೇಸಗೆಯಲ್ಲಿ ಬಿರುಕುಬಿಟ್ಟು ಹೆಂಟೆಗಟ್ಟಿದ ಬಿರುಸು ನೆಲವಾಗಿಯೂ ಪರಿಣಮಿಸುವುದರಿಂದ, ಅದರ ಮೇಲೆ ಕಬಡ್ಡಿಯನ್ನೂ ಖೋ ಖೋವನ್ನೂ ಆಡಿ ಬೆಳೆದ ಹುಡುಗ ಹುಡುಗಿಯರಿಗೆ ಬೀಳುವುದು, ಏಳುವುದು, ಮೊಣಕಾಲಿನ ನೆತ್ತರನ್ನು ಅಂಗೈಯಿಂದ ಒರಸಿಕೊಂಡು ಮತ್ತೆ ಅಂಕಣಕ್ಕಿಳಿಯುವುದು ಇವೆಲ್ಲ ಆಟದ ಅಂಗಗಳೇ ಆಗಿವೆ. ಶ್ರಾವಣದ ಆಸುಪಾಸಿನಲ್ಲಿ ಶಾಲಾ ಕ್ರೀಡಾಕೂಟಗಳು ಆರಂಭವಾಗಿ, ವಲಯದಿಂದ ತಾಲೂಕಿಗೂ ತಾಲೂಕಿನಿಂದ ಜಿಲ್ಲೆಗೂ ತಂಡಗಳು ಏರತೊಡಗಿದಾಗ ಹಳ್ಳಿಯ ಶಾಲೆಗಳಲ್ಲಿ ತುಂಬಿಕೊಳ್ಳುವ ಉತ್ಸಾಹವನ್ನು ಕಂಡು ಹರ್ಷಿಸದವನು ಅರಸಿಕನೇ ಸರಿ. ಆ ಹರ್ಷಕ್ಕೆ ಭಂಗ ತರುವ ಇಚ್ಛೆ ನನಗಿಲ್ಲ. ಆಟದ ನಡುವೆ ತಲೆಗೆ ತಗಲುವ ಪೆಟ್ಟಿನ ವಿಷಯದಲ್ಲಿ ನಮ್ಮ ಶಾಲೆಗಳು ತಲೆಮಾರುಗಳಿಂದ ಪಾಲಿಸಿಕೊಂಡು ಬಂದಿರುವ ಮೌನವನ್ನೂ, ಆ ಮೌನವನ್ನು ಮುರಿಯಲು ಎಲ್ಲರಿಗಿಂತ ಸಮರ್ಥರಾದವರು ಯಾರೆಂಬುದನ್ನೂ ಕುರಿತು ಕೆಲವು ಮಾತುಗಳನ್ನು ಹೇಳಬೇಕಾಗಿದೆ.

ಒಂದು ಪಂದ್ಯವನ್ನು ಊಹಿಸಿಕೊಳ್ಳಿರಿ. ದಾಳಿಗೆ ಬಂದ ಎದುರಾಳಿಯ ಕಾಲನ್ನು ಹಿಡಿಯಲೆಂದು ಎರಡು ಮೂಲೆಗಳಿಂದ ಇಬ್ಬರು ಏಕಕಾಲಕ್ಕೆ ಧುಮುಕುತ್ತಾರೆ. ಕಾಲು ಕೈತಪ್ಪಿ ಹೋಗಿ ತಲೆಗೆ ತಲೆ ಡಿಕ್ಕಿ ಹೊಡೆಯುತ್ತದೆ. ಒಬ್ಬನು ನೆತ್ತಿಯನ್ನುಜ್ಜಿಕೊಂಡು ನಗುತ್ತ ಏಳುತ್ತಾನೆ. ಇನ್ನೊಬ್ಬನೂ ಏಳುತ್ತಾನಾದರೂ, ತನ್ನವರ ಕಡೆಗೆ ತಿರುಗುವ ಬದಲು ಎದುರು ಪಕ್ಷದ ಕಡೆಗೆ ಎರಡು ಹೆಜ್ಜೆ ಹಾಕಿ ಸುಮ್ಮನೆ ನಿಂತುಬಿಡುತ್ತಾನೆ. ಯಾರೋ ತಲೆಯ ಮೇಲೆ ಒಂದು ತಂಬಿಗೆ ನೀರು ಸುರಿಯುತ್ತಾರೆ. ಗಾಬರಿಯಿಂದ ಬಂದ ದೈಹಿಕ ಶಿಕ್ಷಕರಿಗೆ ಅವನು ಕೊಡುವ ಉತ್ತರ, “ಏನೂ ಆಗಿಲ್ರೀ ಸರ, ಆಡ್ತೀನ್ರೀ.” ಆಟ ಮುಂದುವರಿದು ತುಸು ಹೊತ್ತು ಕಳೆದ ತರುವಾಯ, ಪಕ್ಕದಲ್ಲಿ ಕೈಕೈ ಹಿಡಿದು ನಿಂತ ಗೆಳೆಯನ ಕಿವಿಯಲ್ಲಿ ಅದೇ ಹುಡುಗ ಹೇಳುವ ಮಾತು ಬೇರೆ: “ತಲಿ ಗಿರ್ರ ಅನ್ನಾಕತ್ತೈತಿ, ಸರಗ ಹೇಳಬ್ಯಾಡಲೇ.” ಪೆಟ್ಟು ಒಂದೇ, ಉತ್ತರಗಳೆರಡು, ಅಧಿಕಾರವುಳ್ಳವರ ಪಾಲಿಗೆ ಬಂದದ್ದು ಸುಳ್ಳು, ಯಾವ ಅಧಿಕಾರವೂ ಇಲ್ಲದವನ ಪಾಲಿಗೆ ಬಂದದ್ದು ಸತ್ಯ. ಈ ವಿಪರ್ಯಾಸವನ್ನು ಸರಿಪಡಿಸದೆ, ತಲೆಪೆಟ್ಟಿನ ಬಗೆಗೆ ಎಷ್ಟು ಭಿತ್ತಿಪತ್ರಗಳನ್ನು ಅಂಟಿಸಿದರೂ ಪ್ರಯೋಜನ ಅತ್ಯಲ್ಪವೆಂಬುದು ನನ್ನ ಅಭಿಪ್ರಾಯ.

ವೈದ್ಯರು ಕನ್‌ಕಷನ್ ಎಂದು ಕರೆಯುವ ಈ ಆಘಾತದ ಸ್ವರೂಪವನ್ನು ಸ್ವಲ್ಪ ವಿವರಿಸುವುದು ಅವಶ್ಯ. ಬುರುಡೆಯೊಳಗೆ ಸುಮಾರು 1,300ರಿಂದ 1,400 ಗ್ರಾಂ ತೂಗುವ ಮೃದುವಾದ ಮಿದುಳು ತಿಳಿಯಾದ ದ್ರವವೊಂದರಲ್ಲಿ ತೇಲಿಕೊಂಡಿರುತ್ತದೆ. ವೇಗದಿಂದ ಚಲಿಸುತ್ತಿದ್ದ ತಲೆ ಒಮ್ಮೆಲೇ ತಡೆದು ನಿಂತಾಗ, ಇಲ್ಲವೆ ನಿಶ್ಚಲವಾಗಿದ್ದ ತಲೆ ಒಮ್ಮೆಲೇ ತಿರುಚಿದಾಗ, ಬುರುಡೆಗೆ ಕೂದಲೆಳೆಯಷ್ಟು ಬಿರುಕೂ ಬೀಳದೆ ಮಿದುಳು ಒಳಗೊಳಗೇ ಎಳೆದಾಡಿ ಹೋಗುತ್ತದೆ. ಓಡುತ್ತಿದ್ದ ಬಂಡಿ ಗಕ್ಕನೆ ನಿಂತಾಗ ಗಡಿಗೆ ಒಡೆಯದಿದ್ದರೂ ಒಳಗಿನ ಹೆಪ್ಪುಮೊಸರು ಒಡೆದಿರುವುದನ್ನು ನಮ್ಮ ಒಕ್ಕಲಿಗರ ಮನೆಯ ಹೆಂಗಸರು ಕಂಡೇ ಇದ್ದಾರೆ, ಇದೂ ಅಂತಹುದೇ. ನರತಂತುಗಳು ಹಿಗ್ಗಿ, ಜೀವಕೋಶಗಳ ಒಳಹೊರಗಿನ ಲವಣಗಳ ಸಮತೋಲ ಕೆಟ್ಟು, ಅದನ್ನು ಪುನಃ ಸ್ಥಾಪಿಸಲು ಮಿದುಳಿಗೆ ಅಧಿಕ ಶಕ್ತಿ ಬೇಕಾದ ವೇಳೆಯಲ್ಲಿಯೇ ರಕ್ತದ ಪೂರೈಕೆ ಕುಗ್ಗುತ್ತದೆ. ಸಿ.ಟಿ. ಸ್ಕ್ಯಾನು ಮೂಳೆಯ ಮುರಿತವನ್ನೂ ರಕ್ತಸ್ರಾವವನ್ನೂ ತೋರಿಸಬಲ್ಲದೇ ಹೊರತು ಈ ಸೂಕ್ಷ್ಮ ವ್ಯತ್ಯಯವನ್ನು ತೋರಿಸಲಾರದು. ಆದುದರಿಂದ ಸ್ಕ್ಯಾನು ‘ನಾರ್ಮಲ್’ ಬಂದಿತೆಂಬ ಕಾರಣಕ್ಕೆ ಹುಡುಗನನ್ನು ಮರುದಿನವೇ ಮೈದಾನಕ್ಕೆ ಕಳಿಸುವುದು ಯುಕ್ತವಲ್ಲ. ಎಚ್ಚರ ತಪ್ಪಿ ಬಿದ್ದರೆ ಮಾತ್ರ ಪೆಟ್ಟು ದೊಡ್ಡದೆಂಬ ನಂಬಿಕೆಯೂ ಅಷ್ಟೇ ನಿರಾಧಾರವಾದುದು. ಕ್ರೀಡೆಯಲ್ಲಿ ಕನ್‌ಕಷನ್ನಿಗೆ ಒಳಗಾಗುವ 10 ಮಂದಿಯಲ್ಲಿ ಪ್ರಜ್ಞೆ ತಪ್ಪುವವನು ಒಬ್ಬನೂ ಕಷ್ಟ. ತಲೆನೋವು, ತಲೆಸುತ್ತು, ಓಕರಿಕೆ, ಕಣ್ಣು ಮಂಜಾಗುವುದು, ಬೆಳಕನ್ನೂ ಗದ್ದಲವನ್ನೂ ಸಹಿಸಲಾಗದಿರುವುದು, ಕೇಳಿದ್ದಕ್ಕೆ ತಡವಾಗಿ ಉತ್ತರಿಸುವುದು, ಕಾರಣವಿಲ್ಲದೆ ಅಳುವುದು ಅಥವಾ ಸಿಟ್ಟಿಗೇಳುವುದು ಇವೇ ಇದರ ಚಿಹ್ನೆಗಳು. ಇವು ಪೆಟ್ಟು ಬಿದ್ದ ಕ್ಷಣದಲ್ಲಿಯೇ ತೋರಬೇಕೆಂಬ ನಿಯಮವೂ ಇಲ್ಲ. 2019ರ ಆಗಸ್ಟಿನಲ್ಲಿ ಲಾರ್ಡ್ಸ್ ಮೈದಾನದಲ್ಲಿ ಜೋಫ್ರಾ ಆರ್ಚರನ ಚೆಂಡು ಕುತ್ತಿಗೆಗೆ ಬಡಿದು ಕೆಳಗುರುಳಿದ ಸ್ಟೀವ್ ಸ್ಮಿತ್, ಅಂದು ವೈದ್ಯರ ಪರೀಕ್ಷೆಗಳಲ್ಲೆಲ್ಲ ತೇರ್ಗಡೆಯಾಗಿ ಮತ್ತೆ ಬ್ಯಾಟು ಹಿಡಿದು 92 ಓಟಗಳಿಗೆ ಔಟಾದನು. ಲಕ್ಷಣಗಳು ಕಾಣಿಸಿಕೊಂಡದ್ದು ಮರುದಿನ. ಅದೇ ತಿಂಗಳ 1ರಿಂದ ಜಾರಿಗೆ ಬಂದಿದ್ದ ಹೊಸ ನಿಯಮದ ಮೇರೆಗೆ ಅವನ ಬದಲಿಗೆ ಮಾರ್ನಸ್ ಲಾಬುಶೇನ್ ಆಡಿದುದು ಟೆಸ್ಟ್ ಕ್ರಿಕೆಟಿನ ಇತಿಹಾಸದಲ್ಲಿ ಅಂತಹ ಪ್ರಥಮ ಪ್ರಸಂಗ. ಪಂದ್ಯದ ಪ್ರತಿ ಚೆಂಡನ್ನೂ ಹಲವು ಕ್ಯಾಮೆರಾಗಳು ಕಾಣುವ, ತಂಡದ ಬೆನ್ನಿಗೆ ವೈದ್ಯರೇ ನಿಂತಿರುವ ಸ್ಥಳದಲ್ಲಿ ಇದು ಒಂದು ದಿನ ಮರೆಯಲ್ಲಿ ಉಳಿಯಬಹುದಾದರೆ, ಸುಣ್ಣದ ಗೆರೆಯೆಳೆದ ನಮ್ಮ ಶಾಲೆಯ ಬಯಲಿನಲ್ಲಿ ಎಷ್ಟು ದಿನ ಉಳಿಯಲಾರದು?

ಒಂದು ಪೆಟ್ಟು ಸಾಮಾನ್ಯವಾಗಿ ಪ್ರಾಣವನ್ನು ಕೊಳ್ಳುವುದಿಲ್ಲ. ಒಂದೆರಡು ದಿನ ಹಗುರವಾದ ವಿಶ್ರಾಂತಿ, ಅನಂತರ ಮೆಲ್ಲಮೆಲ್ಲನೆ ಓಡಾಟ, ಪಾಠ, ಕೊನೆಗೆ ಆಟ, ಹೀಗೆ ಕ್ರಮವಾಗಿ ನಡೆದರೆ ಬಹುತೇಕ ಮಕ್ಕಳು ನಾಲ್ಕು ವಾರಗಳೊಳಗೆ ಚೇತರಿಸಿಕೊಳ್ಳುತ್ತಾರೆ. ಅಪಾಯವಿರುವುದು ಆ ಚೇತರಿಕೆ ಪೂರ್ಣವಾಗುವ ಮುನ್ನ ಬೀಳುವ ಮತ್ತೊಂದು ಪೆಟ್ಟಿನಲ್ಲಿ. ಅತಿ ವಿರಳವಾಗಿಯಾದರೂ, ಎಳೆಯ ವಯಸ್ಸಿನವರಲ್ಲಿಯೇ ಹೆಚ್ಚಾಗಿ, ಅಂತಹ ಎರಡನೆಯ ಪೆಟ್ಟಿನಿಂದ ಮಿದುಳು ನಿಮಿಷಗಳೊಳಗೆ ಬಾತು ಸಾವು ಸಂಭವಿಸಿದ ಉದಾಹರಣೆಗಳನ್ನು ವೈದ್ಯಶಾಸ್ತ್ರವು ದಶಕಗಳಿಂದ ದಾಖಲಿಸುತ್ತ ಬಂದಿದೆ. ಇವುಗಳಲ್ಲಿ ಕೆನಡಾ ದೇಶದ ಆಟವಾ ನಗರದ ರೋವನ್ ಸ್ಟ್ರಿಂಗರ್ ಎಂಬ 17 ವರ್ಷದ ಬಾಲಿಕೆಯ ಕಥೆಯನ್ನು ನಮ್ಮ ತಂದೆತಾಯಿಗಳೂ ಶಿಕ್ಷಕರೂ ಅವಶ್ಯವಾಗಿ ತಿಳಿದುಕೊಳ್ಳಬೇಕು. ಶಾಲೆಯ ರಗ್ಬಿ ತಂಡದ ನಾಯಕಿಯಾಗಿದ್ದ ಈಕೆಗೆ 2013ರ ಮೇ ತಿಂಗಳಿನಲ್ಲಿ ಒಂದೇ ವಾರದೊಳಗೆ ಮೇಲಿಂದ ಮೇಲೆ ತಲೆಗೆ ಪೆಟ್ಟು ಬಿದ್ದಿತು. ತನಗಾಗಿರುವುದು ಕನ್‌ಕಷನ್ ಇರಬಹುದೇ ಎಂಬ ಶಂಕೆ ಆಕೆಗೇ ಹುಟ್ಟಿ, ಅದನ್ನು ಕುರಿತು ಅಂತರ್ಜಾಲದಲ್ಲಿ ಹುಡುಕಿದ್ದಳು; ತಲೆನೋವಿನ ವಿಷಯವನ್ನು ಗೆಳೆಯರಿಗೆ ಮೊಬೈಲಿನಲ್ಲಿ ಬರೆದು ತಿಳಿಸಿಯೂ ಇದ್ದಳು. ಹೆತ್ತವರಿಗೆ ತಿಳಿಸಿರಲಿಲ್ಲ, ತರಬೇತುದಾರನಿಗೆ ತಿಳಿಸಿರಲಿಲ್ಲ. ಮುಂದಿನ ಪಂದ್ಯದಲ್ಲಿ ಬಿದ್ದವಳು ಮತ್ತೆ ಎಚ್ಚರಗೊಳ್ಳಲಿಲ್ಲ. ಈ ಸಂದೇಶಗಳು ಬೆಳಕಿಗೆ ಬಂದದ್ದು 2015ರ ಮರಣವಿಚಾರಣೆಯಲ್ಲಿ; ಒಂಟಾರಿಯೋ ಪ್ರಾಂತ್ಯವು 2018ರಲ್ಲಿ ಆಕೆಯ ಹೆಸರಿನಲ್ಲಿಯೇ ಕಾನೂನೊಂದನ್ನು ಅಂಗೀಕರಿಸಿತು. ಆ ಗೆಳೆಯರನ್ನು ದೂಷಿಸುವುದು ಅನ್ಯಾಯ. ಅವರ ಕೈಯಲ್ಲಿ ಒಂದು ಜೀವವನ್ನುಳಿಸಬಲ್ಲ ವಾರ್ತೆಯಿತ್ತು. ಅದು ಅಂತಹ ವಾರ್ತೆಯೆಂಬುದನ್ನು ಅವರಿಗೆ ಯಾರೂ ಕಲಿಸಿರಲಿಲ್ಲ, ಅದನ್ನು ಯಾರ ಬಳಿಗೆ ಹೇಗೆ ಒಯ್ಯಬೇಕೆಂಬ ದಾರಿಯನ್ನೂ ತೋರಿಸಿರಲಿಲ್ಲ.

ಮಕ್ಕಳೇಕೆ ಮುಚ್ಚಿಡುತ್ತಾರೆ? ಅಮೆರಿಕದ ವಿಸ್ಕಾನ್ಸಿನ್ ಪ್ರಾಂತ್ಯದಲ್ಲಿ 1,532 ಮಂದಿ ಪ್ರೌಢಶಾಲಾ ಫುಟ್‌ಬಾಲ್ ಆಟಗಾರರನ್ನು ಪ್ರಶ್ನಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆ ಋತುವಿನಲ್ಲಿ ಕನ್‌ಕಷನ್ನಿಗೆ ಒಳಗಾದವರಲ್ಲಿ ಅದನ್ನು ತಿಳಿಸಿದವರು 47.3 ಪ್ರತಿಶತ ಮಾತ್ರ. ಮುಚ್ಚಿಟ್ಟವರಲ್ಲಿ ಹೆಚ್ಚಿನವರು ಕೊಟ್ಟ ಕಾರಣ, ಪೆಟ್ಟು ಅಷ್ಟೊಂದು ದೊಡ್ಡದೆಂದು ತೋರಲಿಲ್ಲವೆಂಬುದು. ಅದರ ಹಿಂದೆಯೇ ಬರುವುದು ಆಟ ಬಿಟ್ಟು ಹೊರಗೆ ಕೂಡ್ರಲು ಮನಸ್ಸಾಗಲಿಲ್ಲವೆಂಬುದು. ಮೊದಲನೆಯದಕ್ಕೆ ತಿಳುವಳಿಕೆ ಮದ್ದಾಗಬಹುದು, ಎರಡನೆಯದಕ್ಕೆ ಆಗದು. ಏಕೆಂದರೆ ಅದು ಅಜ್ಞಾನದಿಂದ ಹುಟ್ಟಿದ್ದಲ್ಲ, ಅಭಿಮಾನದಿಂದ ಹುಟ್ಟಿದ್ದು, ಮತ್ತು ಆ ಅಭಿಮಾನವನ್ನು ಹಾಲೆರೆದು ಬೆಳೆಸಿದವರು ಹಿರಿಯರಾದ ನಾವೇ. 2002ರ ಮೇ ತಿಂಗಳಿನಲ್ಲಿ ಆಂಟಿಗುವಾದಲ್ಲಿ ಮರ್ವಿನ್ ಡಿಲ್ಲನನ ಚೆಂಡಿನಿಂದ ದವಡೆ ಮುರಿದಿದ್ದ ನಮ್ಮ ಅನಿಲ ಕುಂಬ್ಳೆ, ತಲೆಯ ಸುತ್ತ ಪಟ್ಟಿ ಕಟ್ಟಿಕೊಂಡು ಬಂದು ಸತತವಾಗಿ 14 ಓವರುಗಳನ್ನು ಬೌಲ್ ಮಾಡಿ ಬ್ರಯನ್ ಲಾರಾನನ್ನು ಔಟ್ ಮಾಡಿದ ದೃಶ್ಯವನ್ನು ಕನ್ನಡಿಗರು ಮರೆತಿಲ್ಲ, ಮರೆಯಬೇಕಾದ ಕಾರಣವೂ ಇಲ್ಲ. ಆ ಧೈರ್ಯ ವಂದನೀಯವಾದುದು. ಆದರೆ ದವಡೆಯ ಮೂಳೆ ಮುರಿದವನಿಗೆ ತಾನು ಮಾಡುತ್ತಿರುವುದೇನೆಂಬ ಪೂರ್ಣ ಪ್ರಜ್ಞೆಯಿರುತ್ತದೆ. ಮಿದುಳಿಗೇ ಪೆಟ್ಟು ಬಿದ್ದವನಲ್ಲಿ ‘ನಾನು ಆಡಬಲ್ಲೆನೇ’ ಎಂದು ನಿರ್ಣಯಿಸುವ ಅಂಗವೇ ಕೆಟ್ಟಿರುತ್ತದೆ. ಪಟ್ಟಿ ಕಟ್ಟಿದ ಆ ಚಿತ್ರವನ್ನು ಮಕ್ಕಳಿಗೆ ತೋರಿಸುವಾಗ ಈ ಭೇದವನ್ನೂ ಜೊತೆಯಲ್ಲಿ ಹೇಳದಿದ್ದರೆ ನಾವು ಅರ್ಧ ಪಾಠವನ್ನಷ್ಟೇ ಕಲಿಸಿದಂತಾಗುತ್ತದೆ. ಇನ್ನೊಂದು ಚಿತ್ರವನ್ನೂ ನೆನೆಯಬೇಕು: 2022ರ ಜುಲೈ ತಿಂಗಳಲ್ಲಿ ಬೆಂಗಳೂರಿನ ಕಿಕ್‌ಬಾಕ್ಸಿಂಗ್ ಪಂದ್ಯವೊಂದರಲ್ಲಿ ತಲೆಗೆ ಪೆಟ್ಟು ತಿಂದು ಕುಸಿದ ಮೈಸೂರಿನ 23 ವರ್ಷದ ತರುಣನು ಆಸ್ಪತ್ರೆಯಲ್ಲಿ ಅಸುನೀಗಿದನು. ಸ್ಥಳದಲ್ಲಿ ವೈದ್ಯಕೀಯ ಏರ್ಪಾಡುಗಳೇ ಇರಲಿಲ್ಲವೆಂದು ಅವನ ಮನೆಯವರು ದೂರಿದರು, ಪೊಲೀಸರು ಮೊಕದ್ದಮೆ ಹೂಡಿದರು, ಪತ್ರಿಕೆಗಳು ಒಂದು ವಾರ ಬರೆದವು; ಆಮೇಲೆ ಎಲ್ಲರೂ ಸುಮ್ಮನಾದೆವು.

ಹಾಗಾದರೆ ಜೊತೆಯ ಆಟಗಾರನಿಗೆ ಈ ವಿದ್ಯೆಯನ್ನು ಕಲಿಸುವುದರ ವಿಶೇಷವೇನು? ಗೆಳೆಯನ ಮಾತನ್ನು ಗೆಳೆಯ ಕೇಳುತ್ತಾನೆಂಬುದು ಎಲ್ಲರೂ ಹೇಳುವ ಉತ್ತರ. ಅದು ಸತ್ಯವೇ ಆದರೂ ಅಪೂರ್ಣ. ಕೇಳುವುದಕ್ಕಿಂತ ಮಿಗಿಲಾಗಿ ಅವನು ಬಲ್ಲನು, ಮತ್ತು ಬೇರೆ ಯಾರೂ ಬಲ್ಲದುದನ್ನು ಬಲ್ಲನು. ಆಸ್ಟ್ರೇಲಿಯಾದ ಡೇವಿಡ್ ಮ್ಯಾಡಕ್ಸ್ ಮತ್ತು ಅವರ ಸಂಗಡಿಗರು 1995ರಲ್ಲಿ ಪ್ರಕಟಿಸಿದ ಒಂದು ಸಣ್ಣ ಪರೀಕ್ಷೆ ಇಂದಿಗೂ ಜಗತ್ತಿನ ಮೈದಾನಗಳಲ್ಲೆಲ್ಲ ಬಳಕೆಯಲ್ಲಿದೆ. ನಿನ್ನ ಹೆಸರೇನು, ಇದು ಯಾವ ಇಸವಿ ಎಂದು ಕೇಳುವ ಹಳೆಯ ಪದ್ಧತಿಯಿಂದ ಕನ್‌ಕಷನ್ನನ್ನು ಪತ್ತೆಹಚ್ಚಲಾಗದೆಂದೂ, ಹತ್ತಿರದ ನೆನಪನ್ನು ಕೆದಕುವ ಪ್ರಶ್ನೆಗಳೇ ಅದಕ್ಕೆ ತಕ್ಕವೆಂದೂ ಕಂಡುಕೊಂಡ ಅವರು, ನಾವಿಂದು ಯಾವ ಮೈದಾನದಲ್ಲಿದ್ದೇವೆ, ಇದು ಪಂದ್ಯದ ಯಾವ ಅರ್ಧ, ಕೊನೆಯ ಅಂಕವನ್ನು ಗಳಿಸಿದವರು ಯಾರು, ಹಿಂದಿನ ವಾರ ಯಾರೊಡನೆ ಆಡಿದೆವು, ಆ ಆಟದಲ್ಲಿ ಗೆದ್ದೆವೇ ಎಂಬ ಐದು ಪ್ರಶ್ನೆಗಳನ್ನು ಮುಂದಿಟ್ಟರು. ಈ ಪ್ರಶ್ನೆಗಳನ್ನು ಶಿರೋಳದ ಮೈದಾನಕ್ಕೆ ತಂದು ನೋಡಿರಿ. ಈಗ ತಾನೇ ದಾಳಿಗೆ ಹೋಗಿ ಬಂದವನಾರು? ಬೋನಸ್ ಪಡೆದವರು ನಾವೋ ಅವರೋ? ಮೊನ್ನೆ ಕೊಣ್ಣೂರಿನವರ ಮೇಲೆ ಆಡಿದ್ದು ಸೋತೆವೋ ಗೆದ್ದೆವೋ? ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಈ ಪ್ರಶ್ನೆಗಳನ್ನು ಕೇಳಬಲ್ಲರು, ಆದರೆ ಬಂದ ಉತ್ತರ ಸರಿಯೋ ತಪ್ಪೋ ಎಂದು ತೂಗಿ ನೋಡಲು ಅವರಲ್ಲಿ ತಕ್ಕಡಿಯೇ ಇಲ್ಲ. ತಾಯಿಗೂ ಇಲ್ಲ. ಪಂಚನು ನಾಲ್ಕಾರು ತಂಡಗಳನ್ನು ನೋಡುವವನು, ಅವನಿಗೆ ಮೊನ್ನೆಯ ಪಂದ್ಯದ ಸುದ್ದಿ ತಿಳಿಯದು. ಸರಿಯುತ್ತರವನ್ನು ಖಚಿತವಾಗಿ ಬಲ್ಲವರು ಆ ಹುಡುಗನ ಎಡಬಲಗಳಲ್ಲಿ ನಿಂತು ಆಡಿದವರು ಮಾತ್ರ. ಅವನು ಯಾವಾಗಲೂ ಹೇಗೆ ನಡೆಯುತ್ತಾನೆ, ಎಷ್ಟು ಮಾತಾಡುತ್ತಾನೆ, ಸೋತಾಗ ಹೇಗೆ ಮುಖ ಮಾಡುತ್ತಾನೆ ಎಂಬುದನ್ನು ಬಲ್ಲವರೂ ಅವರೇ. ಆದುದರಿಂದ ಇಂದು ಅವನು ಎಂದಿನಂತಿಲ್ಲ ಎಂದು ಹೇಳುವ ಅರ್ಹತೆ ಅವರಿಗಲ್ಲದೆ ಬೇರಾರಿಗೂ ಬರಲಾರದು. ಸಹಪಾಠಿಯನ್ನು ಈ ಕೆಲಸಕ್ಕೆ ಹಚ್ಚುವುದೆಂದರೆ ವೈದ್ಯರು ದೊರೆಯದ ಹಳ್ಳಿಯಲ್ಲಿ ಅಗ್ಗದ ಪರ್ಯಾಯವನ್ನು ಹುಡುಕುವುದಷ್ಟೇ ಎಂದು ಭಾವಿಸುವವರು ಈ ಅಂಶವನ್ನು ಗಮನಿಸಬೇಕೆಂದು ಪ್ರಾರ್ಥಿಸುತ್ತೇನೆ.

ಮಕ್ಕಳಿಂದ ಮಕ್ಕಳಿಗೆ ಪಾಠವೆಂಬ ಕಲ್ಪನೆ ಪರದೇಶದಿಂದ ಬಂದ ಹೊಸ ಸರಕೆಂದು ಹುಬ್ಬೇರಿಸುವ ಅಗತ್ಯವಿಲ್ಲ. ನಮ್ಮ ಹಳೆಯ ಗಾಂವಠಿ ಶಾಲೆಗಳಲ್ಲಿ ಹಿರಿಯ ಹುಡುಗರು ಕಿರಿಯರಿಗೆ ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದರು. ಮದರಾಸಿನಲ್ಲಿ ಅನಾಥ ಬಾಲಕರ ಶಾಲೆಯೊಂದನ್ನು ನೋಡಿಕೊಳ್ಳುತ್ತಿದ್ದ ಆಂಡ್ರೂ ಬೆಲ್ ಎಂಬ ಪಾದ್ರಿ, ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಇಂತಹುದೇ ದೇಶೀಯ ಶಾಲೆಯ ಕ್ರಮವನ್ನು ಕಂಡು ಬೆರಗಾಗಿ, 1797ರಲ್ಲಿ ಅದನ್ನು ಕುರಿತು ಪುಸ್ತಕ ಬರೆದು ಇಂಗ್ಲೆಂಡಿನಲ್ಲಿ ‘ಮದರಾಸು ಪದ್ಧತಿ’ ಎಂಬ ಹೆಸರಿನಿಂದಲೇ ಪ್ರಚುರಪಡಿಸಿದನು. ಗರಡಿಮನೆಯಲ್ಲಿ ವಸ್ತಾದನ ಕಣ್ಣು ಎಲ್ಲರ ಮೇಲಿದ್ದರೂ ಎಳೆಯ ಪೈಲ್ವಾನನಿಗೆ ಮೊದಲ ಪಟ್ಟುಗಳನ್ನು ಹೇಳಿಕೊಡುತ್ತಿದ್ದವನು ಅವನಿಗಿಂತ ಒಂದೆರಡು ವರ್ಷ ಮುಂಚೆ ಮಣ್ಣಿಗಿಳಿದವನೇ. ಇನ್ನು ಹುಬ್ಬಳ್ಳಿಯ ನಾ. ಸು. ಹರ್ಡೀಕರರು 1923ರಲ್ಲಿ ಸೇವಾದಳವನ್ನು ಕಟ್ಟಿದಾಗ ತರುಣರನ್ನು ಶಿಸ್ತಿಗೆ ತಂದದ್ದು ತರುಣರ ಮೂಲಕವೇ. ಹರ್ಡೀಕರರು ವೃತ್ತಿಶಿಕ್ಷಣದಿಂದ ವೈದ್ಯರೆಂಬುದನ್ನು ಈ ಪ್ರಸಂಗದಲ್ಲಿ ನೆನೆಯಲು ನನಗೆ ಸಂತೋಷವೆನಿಸುತ್ತದೆ.

ಸರ್ಕಾರಕ್ಕೂ ಈ ಮಾರ್ಗ ಅಪರಿಚಿತವಲ್ಲ. 2014ರ ಜನವರಿ 7ರಂದು ಆರಂಭವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದ ಮೂಲವಿನ್ಯಾಸದಲ್ಲಿಯೇ, ಊರಿನ ಹದಿಹರೆಯದ ಹುಡುಗ ಹುಡುಗಿಯರಿಂದಲೇ ಸಮಾನವಯಸ್ಕ ಶಿಕ್ಷಕರನ್ನು ಆರಿಸಿ ತರಬೇತು ಕೊಡಬೇಕೆಂದಿದೆ. ಅದರ ಆರು ಮುಖ್ಯ ವಿಷಯಗಳಲ್ಲಿ ಗಾಯ ಮತ್ತು ಹಿಂಸೆ ಎಂಬುದೂ ಒಂದು. ಆ ಶೀರ್ಷಿಕೆಯ ಅಡಿಯಲ್ಲಿ ಆಟದ ಮೈದಾನದ ತಲೆಪೆಟ್ಟಿಗೆ ನಾಲ್ಕು ಪಂಕ್ತಿಗಳ ಸ್ಥಳವನ್ನು ಒದಗಿಸಲು ಹೊಸ ಯೋಜನೆಯೂ ಬೇಡ, ಹೊಸ ಕಚೇರಿಯೂ ಬೇಡ. ಶಾಲೆಗಳಲ್ಲಂತೂ ಇದಕ್ಕೆ ಪೀಠ ಸಿದ್ಧವಾಗಿಯೇ ಇದೆ. ವರ್ಷಾರಂಭದಲ್ಲಿ ಚೀಟಿ ಹಾಕಿ ಚುನಾವಣೆ ನಡೆಸಿ ರಚಿಸುವ ಶಾಲಾ ಸಂಸತ್ತಿನಲ್ಲಿ ಒಬ್ಬ ಕ್ರೀಡಾಮಂತ್ರಿ, ಒಬ್ಬ ಆರೋಗ್ಯಮಂತ್ರಿ ಇದ್ದೇ ಇರುತ್ತಾರೆ. ಪ್ರಮಾಣವಚನದ ಫೋಟೋ ತೆಗೆಸಿಕೊಂಡ ಮೇಲೆ ಈ ಮಂತ್ರಿಗಳಿಗೆ ಚೆಂಡು ಎಣಿಸಿ ಕೋಣೆಯಲ್ಲಿಡುವುದನ್ನುಳಿದು ಬೇರೆ ಕೆಲಸವಿರುವುದನ್ನು ನಾನು ಕಂಡದ್ದು ಕಡಿಮೆ. (ದೊಡ್ಡ ಸಂಸತ್ತುಗಳಲ್ಲಿಯೂ ಖಾತೆಯಿಲ್ಲದ ಮಂತ್ರಿಗಳುಂಟು ಎಂದು ಸಮಾಧಾನ ಹೇಳಬಹುದು.) ಅವರಿಬ್ಬರಿಗೂ ಪ್ರತಿ ತಂಡದ ನಾಯಕರಿಗೂ ವಲಯ ಮಟ್ಟದ ಕ್ರೀಡಾಕೂಟಕ್ಕೆ ಮುನ್ನ ಅರ್ಧ ದಿನದ ಪಾಠವೊಂದನ್ನು ದೈಹಿಕ ಶಿಕ್ಷಕರೂ ಆರೋಗ್ಯ ಕೇಂದ್ರದವರೂ ಕೂಡಿ ಕೊಡಲಿ, ಅವರು ತಮ್ಮ ತಂಡದವರಿಗೆ ತಮ್ಮದೇ ಮಾತಿನಲ್ಲಿ, ಬಯಲಿನಲ್ಲಿ ಕುಳಿತು, ಬೇಕಾದರೆ ಪೆಟ್ಟು ತಿಂದವನಂತೆ ನಟಿಸಿ ನಗಿಸಿ, ಅದನ್ನು ದಾಟಿಸಲಿ.

ಪಾಠವೂ ದೊಡ್ಡದಲ್ಲ. ತಲೆಗೆ ಪೆಟ್ಟು ಬಿದ್ದವನು, ಅಥವಾ ಮೈಗೆ ಬಿದ್ದ ಪೆಟ್ಟಿನಿಂದ ತಲೆ ಜೋರಾಗಿ ಅಲುಗಿದವನು, ಮೇಲೆ ಹೇಳಿದ ಚಿಹ್ನೆಗಳಲ್ಲಿ ಒಂದನ್ನು ತೋರಿದರೂ ಆ ದಿನ ಮತ್ತೆ ಆಡಕೂಡದು, ಸಂಶಯವಿದ್ದರೂ ಆಡಕೂಡದು. ಅವನನ್ನು ಒಂಟಿಯಾಗಿ ಬಿಡಕೂಡದು, ಒಂಟಿಯಾಗಿ ಸೈಕಲ್ ಹತ್ತಿಸಿ ಮನೆಗೆ ಕಳಿಸಕೂಡದು. ತಲೆನೋವು ಏರುತ್ತಲೇ ಹೋದರೆ, ಮೇಲಿಂದ ಮೇಲೆ ವಾಂತಿಯಾದರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಏಳದಂತಹ ಮಂಪರು ಕವಿದರೆ, ಒಂದು ವಸ್ತು ಎರಡಾಗಿ ಕಂಡರೆ, ಕೈಕಾಲು ಜುಮುಗುಟ್ಟಿದರೆ ಅಥವಾ ಸೋತರೆ, ಕುತ್ತಿಗೆಯ ನೋವೆಂದರೆ, ಮೂಗು ಕಿವಿಗಳಿಂದ ನೀರೋ ರಕ್ತವೋ ಇಳಿದರೆ, ತಡಮಾಡದೆ 108ಕ್ಕೆ ಕರೆ ಹೋಗಬೇಕು. ಕುತ್ತಿಗೆಗೆ ಪೆಟ್ಟಾಗಿರುವ ಸಂಭವವಿದ್ದಲ್ಲಿ ಬಿದ್ದವನನ್ನು ನಾಲ್ಕು ಜನ ಕೈಕಾಲು ಹಿಡಿದೆತ್ತಿ ನೆರಳಿಗೆ ಒಯ್ಯುವ ನಮ್ಮ ರೂಢಿ ಒಳ್ಳೆಯದಲ್ಲವೆಂಬುದನ್ನೂ, ನರಳುವವನ ಬಾಯಿಗೆ ನೀರು ಚಹಾ ಸುರಿಯಬಾರದೆಂಬುದನ್ನೂ ಸೇರಿಸಿಕೊಳ್ಳಬೇಕು. ಉಳಿದುದೆಲ್ಲ ವೈದ್ಯರಿಗೆ ಸೇರಿದ್ದು. ಗದಗಿನ ವೈದ್ಯಕೀಯ ಕಾಲೇಜು ಆಸ್ಪತ್ರೆಯೂ, ಜನ ಇಂದಿಗೂ ಕಿಮ್ಸ್ ಎಂದೇ ಕರೆಯುವ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯೂ ಹಳ್ಳಿಯ ಮೈದಾನಕ್ಕೆ ಪಕ್ಕದ ಮನೆಗಳಲ್ಲ. ಆ ದೂರವನ್ನು ಯಾವಾಗ ಕ್ರಮಿಸಲೇಬೇಕು, ಯಾವಾಗ ಬೇಕಿಲ್ಲ ಎಂಬ ವಿವೇಚನೆಗೆ ಮೊದಲ ಸಾಕ್ಷಿಯ ಮಾತು ಅತ್ಯಮೂಲ್ಯವಾದುದು.

ಆಕ್ಷೇಪಗಳು ಬಾರದಿರವು. ಹದಿನಾಲ್ಕು ವರ್ಷದ ಮಗುವಿನ ಹೆಗಲ ಮೇಲೆ ಇನ್ನೊಂದು ಮಗುವಿನ ಪ್ರಾಣದ ಭಾರವನ್ನು ಹೊರಿಸುವುದೇ, ನಾಳೆ ಏನಾದರೂ ಆದರೆ ಅದು ಜೀವನಪರ್ಯಂತ ಕೊರಗಬೇಕೇ ಎಂದು ಕೇಳಬಹುದು. ಇದು ತೂಕವುಳ್ಳ ಆಕ್ಷೇಪ, ಮತ್ತು ಇದಕ್ಕೆ ಉತ್ತರವು ಮಕ್ಕಳ ತರಬೇತಿನಲ್ಲಿ ದೊರೆಯದು, ಹಿರಿಯರ ನಡತೆಯಲ್ಲಿ ದೊರೆಯಬೇಕು. ನೋಡುವುದು ಮತ್ತು ಹೇಳುವುದು ಇವೆರಡೇ ಮಕ್ಕಳ ಕೆಲಸ. ಹೊರಗೆ ಕೂಡ್ರಿಸುವ ನಿರ್ಣಯ ಶಿಕ್ಷಕರದು, ಮರಳಿ ಆಡಿಸುವ ನಿರ್ಣಯ ವೈದ್ಯರದು. ಮಗು ಬಂದು ಹೇಳಿದ ಮೇಲೆ “ಸುಮ್ನ ಆಡಪಾ, ಇನ್ನೈದ ನಿಮಿಷ ಐತಿ” ಎಂದು ಶಿಕ್ಷಕರು ತಳ್ಳಿಹಾಕಿದರೆ, ಆ ತಂಡದಲ್ಲಿ ಮತ್ತೆಂದೂ ಯಾರೂ ಬಾಯಿಬಿಡಲಾರರು. ಒಂದು ಸಲದ ಉಪೇಕ್ಷೆಯಿಂದ ಹತ್ತು ಪಾಠಗಳು ನೀರಿನಲ್ಲಿ ಹೋಮವಾಗುತ್ತವೆ. ಆದುದರಿಂದ ಜೊತೆಯವನು ಸೂಚಿಸಿದೊಡನೆ ಆಟಗಾರನನ್ನು ಹೊರಗೆ ಕರೆಯುವುದು ಶಿಕ್ಷಕರ ದಾಕ್ಷಿಣ್ಯಕ್ಕೆ ಬಿಟ್ಟ ವಿಷಯವಾಗದೆ ಕೂಟದ ಲಿಖಿತ ನಿಯಮವಾಗಬೇಕು.

ಎರಡನೆಯ ಆಕ್ಷೇಪ ಮೈದಾನದ ಕುಶಾಗ್ರಮತಿಗಳದು: ತಲೆಪೆಟ್ಟಿನ ನೆಪದಿಂದ ದಣಿದವನನ್ನು ತೆಗೆದು ಹೊಸಬನನ್ನು ಇಳಿಸುವ ಮೋಸ ನಡೆದರೆ? 2020ರ ಡಿಸೆಂಬರಿನಲ್ಲಿ ಕ್ಯಾನ್‌ಬೆರಾದಲ್ಲಿ ರವೀಂದ್ರ ಜಡೇಜನ ಬದಲಿಗೆ ಬಂದ ಯಜುವೇಂದ್ರ ಚಾಹಲ್ ಮೂರು ವಿಕೆಟ್ ಕಿತ್ತು ಪಂದ್ಯಪುರುಷನೇ ಆಗಿಬಿಟ್ಟಾಗ ಆಸ್ಟ್ರೇಲಿಯನ್ನರು ಇದೇ ರಾಗವನ್ನು ಹಾಡಿದ್ದರು. ಕಬಡ್ಡಿಯಲ್ಲಾಗಲಿ ಖೋ ಖೋದಲ್ಲಾಗಲಿ ಈ ಭಯಕ್ಕೆ ಹೆಚ್ಚಿನ ಆಧಾರವಿಲ್ಲ; ಅಂಕಣದೊಳಗಿನ ಏಳು ಅಥವಾ ಒಂಬತ್ತು ಮಂದಿಯಲ್ಲದೆ ಬದಲಿ ಆಟಗಾರರು ಹೊರಗೆ ಕಾದೇ ಇರುತ್ತಾರೆ, ಅವರನ್ನು ಇಳಿಸಲು ನೆಪದ ಅವಶ್ಯಕತೆಯೇ ಇಲ್ಲ. ತಲೆಪೆಟ್ಟಿನಿಂದ ಹೊರಗೆ ಬಂದವನು ಅಂದು ಮರಳಿ ಇಳಿಯುವಂತಿಲ್ಲವೆಂಬ ಕಟ್ಟಳೆಯಿದ್ದರೆ ತಂತ್ರಗಾರರಿಗೆ ಲಾಭವೂ ಉಳಿಯದು. ಬದಲಿಯಿಲ್ಲದ ಕುಸ್ತಿಯಲ್ಲಿ ಮಾತ್ರ ಪ್ರಶ್ನೆ ಕಠಿಣವಾದುದು: ಅಲ್ಲಿ ಹೊರಬರುವುದೆಂದರೆ ಸೋಲುವುದು. ಅಲ್ಲಿ ಸೋಲನ್ನು ಒಪ್ಪುವುದಲ್ಲದೆ ಬೇರೆ ಮಾರ್ಗವನ್ನು ನಾನು ಕಾಣೆ.

ಇವೆಲ್ಲಕ್ಕಿಂತ ಗಹನವಾದ ತೊಡಕೊಂದಿದೆ. ಅದನ್ನು ಆಕ್ಷೇಪವಾಗಿ ಯಾರೂ ಎತ್ತುವುದಿಲ್ಲ, ಏಕೆಂದರೆ ಅದನ್ನು ಅನುಭವಿಸುವವರಿಗೆ ಪತ್ರಿಕೆಗಳಲ್ಲಿ ಬರೆಯುವ ಅವಕಾಶವಿಲ್ಲ. ಹುಡುಗನಿಗೆ ಪೆಟ್ಟಾದರೆ ಮನೆಯಲ್ಲಿ ಒಂದು ದಿನ ಬೈಗುಳ, ಮರುದಿನ ಮತ್ತೆ ಆಟ. ಹುಡುಗಿಗೆ ಪೆಟ್ಟಾದರೆ, ಅದೂ ತಲೆಗೆ ಮುಖಕ್ಕೆ ಆದರೆ, “ನಾಳೆ ಯಾರರ ನೋಡಾಕ ಬಂದ್ರ ಏನ ಹೇಳೂನು?” ಎಂಬ ಮಾತಿನೊಡನೆ ಆಕೆಯ ಆಟಕ್ಕೇ ಮುಕ್ತಾಯ ಬರುವ ಮನೆಗಳು ನಮ್ಮಲ್ಲಿ ಕಡಿಮೆಯೇನೂ ಇಲ್ಲ. ಎಷ್ಟೋ ಮನೆಗಳಲ್ಲಿ ಅಪ್ಪನನ್ನು ಒಪ್ಪಿಸಲು ಅವ್ವ, ಅವ್ವನನ್ನು ಒಪ್ಪಿಸಲು ಅಕ್ಕೋರು, ಹೀಗೆ ಸರಪಣಿಯಾಗಿ ಬೇಡಿಕೊಂಡು ಗಳಿಸಿದ ಅನುಮತಿಯದು. ಅಂತಹ ಹುಡುಗಿ ತಲೆನೋವನ್ನು ಮುಚ್ಚಿಟ್ಟರೆ ಅದನ್ನು ಅಜ್ಞಾನವೆನ್ನುವುದು ಅವಿವೇಕ. ಆಕೆ ಲೆಕ್ಕ ಹಾಕಿಯೇ ಮುಚ್ಚಿಟ್ಟಿರುತ್ತಾಳೆ. ಆಕೆಯ ಗೆಳತಿಗೂ ಅದೇ ಲೆಕ್ಕ ಗೊತ್ತಿರುತ್ತದೆ, ಮತ್ತು ಬಾಯಿಬಿಟ್ಟರೆ ಗೆಳತಿಯ ಆಟವನ್ನು ತಾನೇ ಕೊಂದಂತಾಗುವುದೆಂದು ಅವಳು ಅಂಜುತ್ತಾಳೆ. ಇಲ್ಲಿ ಪಾಠ ಬೇಕಾದುದು ಹುಡುಗಿಯರಿಗಿಂತ ಮೊದಲು ಮನೆಗಳಿಗೆ. ಎಸ್‌ಡಿಎಂಸಿ ಸಭೆಯಲ್ಲಿ ಮುಖ್ಯಾಧ್ಯಾಪಕರು ಪಾಲಕರ ಎದುರಿಗೆ, ತಲೆಪೆಟ್ಟಾದ ಮಗು ಕೆಲವು ವಾರ ವಿಶ್ರಮಿಸಿ ವೈದ್ಯರ ಅನುಮತಿ ಪಡೆದು ಮರಳಿ ಆಡಬಹುದೆಂದು, ಹುಡುಗನಿಗೂ ಹುಡುಗಿಗೂ ಇದು ಸಮಾನವಾದ ನಿಯಮವೆಂದು, ಮತ್ತು ವಿಷಯವನ್ನು ತಿಳಿಸಿದ ಕಾರಣಕ್ಕೆ ಯಾವ ಮಗುವಿನ ಹೆಸರೂ ತಂಡದಿಂದ ಹೋಗಲಾರದೆಂದು ಸ್ಪಷ್ಟವಾಗಿ ಹೇಳಬೇಕು. ಈ ಅಭಯ ಸಿಗುವವರೆಗೆ ಗೆಳತಿಯರ ನಡುವಿನ ಗುಟ್ಟು ಗುಟ್ಟಾಗಿಯೇ ಇರುತ್ತದೆ.

ಅಮೆರಿಕದ ವಾಷಿಂಗ್ಟನ್ ಪ್ರಾಂತ್ಯವು, ತಲೆಗೆ ಪೆಟ್ಟು ಬಿದ್ದ ಪಂದ್ಯದಲ್ಲಿಯೇ ಮರಳಿ ಆಡಿ ಅಂಗವಿಕಲನಾದ ಝಾಕರಿ ಲಿಸ್ಟೆಡ್ ಎಂಬ 13 ವರ್ಷದ ಬಾಲಕನ ಹೆಸರಿನಲ್ಲಿ 2009ರಲ್ಲಿ ಮೊದಲ ಶಾಸನವನ್ನು ಮಾಡಿದ ಮೇಲೆ, ಐದು ವರ್ಷಗಳೊಳಗೆ ಆ ದೇಶದ 50 ಪ್ರಾಂತ್ಯಗಳಲ್ಲಿಯೂ ಅಂತಹ ಶಾಸನಗಳು ಬಂದವು. ನಮ್ಮಲ್ಲಿ ಶಾಸನಕ್ಕಾಗಿ ಕಾಯಬೇಕಿಲ್ಲ. ಶಾಲಾ ಕ್ರೀಡಾಕೂಟಗಳನ್ನು ನಡೆಸುವ ಶಿಕ್ಷಣ ಇಲಾಖೆಯು ಪ್ರತಿ ವರ್ಷ ಹೊರಡಿಸುವ ಸುತ್ತೋಲೆಯಲ್ಲಿ ವಯೋಮಿತಿಯೇನು, ತಂಡದಲ್ಲಿ ಎಷ್ಟು ಮಂದಿ ಎಂಬುದನ್ನೆಲ್ಲ ಸವಿಸ್ತಾರವಾಗಿ ಬರೆಯುತ್ತದೆ. ತಲೆಗೆ ಪೆಟ್ಟಾದ ಶಂಕೆಯನ್ನು ತಂಡದ ಯಾವುದೇ ಆಟಗಾರ ವ್ಯಕ್ತಪಡಿಸಿದರೂ ಪಂಚನು ಆಟವನ್ನು ನಿಲ್ಲಿಸತಕ್ಕದ್ದು, ಪೆಟ್ಟಾದವನು ಅಂದು ಆಡತಕ್ಕದ್ದಲ್ಲ, ಆ ಸಂಗತಿಯನ್ನು ಅಂಕಪಟ್ಟಿಯ ಮೇಲೆಯೇ ಬರೆದು ಶಾಲೆಗೆ ಕಳಿಸತಕ್ಕದ್ದು ಎಂಬ ಮೂರು ವಾಕ್ಯಗಳನ್ನು ಅದೇ ಸುತ್ತೋಲೆಗೆ ಸೇರಿಸಲು ವಿಧಾನಸಭೆಯ ಒಪ್ಪಿಗೆ ಬೇಕಾಗದು. ಇಲಾಖೆ ವಿಳಂಬಿಸಿದರೆ ನರಗುಂದ ತಾಲೂಕಿನ ದೈಹಿಕ ಶಿಕ್ಷಕರು ಬರುವ ಶ್ರಾವಣಕ್ಕೆ ಮುನ್ನ ತಾವೇ ಒಂದೆಡೆ ಸೇರಿ, ತಮ್ಮ ವಲಯದ ಕೂಟಗಳ ಮಟ್ಟಿಗಾದರೂ ಇದನ್ನು ಗೊತ್ತುಪಡಿಸಿಕೊಳ್ಳಬಹುದು.